ಹದಿನೇಳರ ಒಳಗೆ ಹಿಡಿಸದ ಬ್ರೇಕು

ಆ ಕಾರು ನನ್ನ ಅಂಗಡಿಗೆ ಬಂದದ್ದು ಟೋವಿಂಗ್ ಲಾರಿಯ ಬೆನ್ನ ಮೇಲೆ, ಎದುರಿನ ಎರಡು ಚಕ್ರಗಳಿಲ್ಲದೆ. ಚಕ್ರ ಇರಬೇಕಾದಲ್ಲಿ ಮರದ ದಿಮ್ಮಿ ಕೊಟ್ಟು ನಿಲ್ಲಿಸಿದ್ದರು. ಮಡ್‌ಗಾರ್ಡಿನ ಕಮಾನಿನೊಳಗೆ ಹರಿವಾಣದಷ್ಟು ಅಗಲದ ಬ್ರೇಕ್ ಡಿಸ್ಕ್ ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು. ಲಾರಿಯ ಕ್ಯಾಬಿನ್ನಿನಿಂದ ಇಳಿದವರು ಕೆದಂಬಾಡಿಯ ಹಾಜಿಯವರು. ತಮ್ಮ ಜೀಪಿಗೆ ಎಷ್ಟೋ ವರ್ಷಗಳಿಂದ ನನ್ನಲ್ಲೇ ಟಯರ್ ಹಾಕಿಸುವವರು.

“ಚಕ್ರ ಎಲ್ಲಿ ಹಾಜಿಯವರೆ?” ಎಂದು ಕೇಳಿದೆ.

“ಅದನ್ನೇ ಕೇಳ್ಲಿಕ್ಕೆ ಬಂದದ್ದು ಅಕ್ಕ. ಹಳೆಯ ಚಕ್ರ ಈ ಬ್ರೇಕಿಗೆ ಹಿಡಿಸುದಿಲ್ಲ. ಯಾವುದು ಹಿಡಿಸ್ತದೆ ಅಂತ ನೀವು ಹೇಳ್ಬೇಕು.”

ನರಿಮೊಗರಿಗೆ ಹೋಗುವ ರಸ್ತೆಯಲ್ಲಿ ನನ್ನದು ಟಯರ್ ಮತ್ತು ವೀಲ್ ಅಲೈನ್‌ಮೆಂಟ್ ಅಂಗಡಿ. ಒಳಗೆ ಎರಡೇ ಕಾರು ನಿಲ್ಲುವಷ್ಟು ಜಾಗ. ನಮ್ಮ ಫಿಟ್ಟರ್ ನನ್ನ ತಂದೆಯ ಕಾಲದಿಂದಲೂ ಇದ್ದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣ ಎಂದೇ ಕರೆಯುವುದು, ಅವರು ನನ್ನನ್ನು ಅಕ್ಕ ಎಂದು. ಅಣ್ಣ ಲಾರಿಯ ಸುತ್ತ ಒಂದು ಸುತ್ತು ಬಂದು, ಆ ಬ್ರೇಕನ್ನು ನೋಡಿ, “ಇದು ಕಾರಿನದ್ದಾ, ಬಸ್ಸಿನದ್ದಾ?” ಎಂದರು.

ಕಾರು ಅಮೆರಿಕದ್ದು. ಐವತ್ತು ವರ್ಷಕ್ಕೂ ಹಳೆಯದು. ಉದ್ದ ಮೂತಿ, ಎರಡೇ ಬಾಗಿಲು, ಎಂಟು ಸಿಲಿಂಡರಿನ ಎಂಜಿನ್, ಎಡಗಡೆಗೆ ಸ್ಟಿಯರಿಂಗ್. ಇಂಥವಕ್ಕೆ ಮಸಲ್ ಕಾರು ಎನ್ನುತ್ತಾರೆ. ಹಾಜಿಯವರು ಗಲ್ಫಿನ ಒಂದು ಗ್ಯಾರೇಜಿನಲ್ಲಿ ಇಪ್ಪತ್ತೇಳು ವರ್ಷ ಬೇರೆಯವರ ಮಸಲ್ ಕಾರುಗಳನ್ನು ಬಿಚ್ಚಿ ಜೋಡಿಸಿದವರು. ಊರಿಗೆ ಮರಳಿದ ಮೇಲೆ ಮಂಗಳೂರಿನ ಹಳೆಯ ಮನೆಯೊಂದರ ಶೆಡ್ಡಿನಲ್ಲಿ ಓಡದೆ ನಿಂತಿದ್ದ ಇದನ್ನು ಹುಡುಕಿ ತಂದು, ಮನೆಯ ಹಿಂದೆ ತಾವೇ ಕೂತು ಸರಿ ಮಾಡಿದ್ದರು. ಎಂಜಿನ್ ಗಡಿಯಾರದ ಹಾಗೆ ಓಡುತ್ತಿತ್ತು. ಬ್ರೇಕ್ ಮಾತ್ರ ಅಂದಿನ ಕಾಲದ ಡ್ರಮ್ ಬ್ರೇಕು. ಕಳೆದ ಮಳೆಗಾಲ ಮುಗಿದ ಮೇಲೆ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಡ್ರಮ್ ಕಾದು, ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಯಿತಂತೆ. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎದುರಿನ ಚಕ್ರವನ್ನು ಗುಡ್ಡದ ಬದಿಯ ಚರಂಡಿಗೆ ಇಳಿಸಿ ನಿಲ್ಲಿಸಿದ್ದರು.

“ಆಮೇಲೆ ದುಬೈಯಲ್ಲಿರುವ ತಮ್ಮನಿಗೆ ಹೇಳಿದೆ, ಇರುದರಲ್ಲಿ ದೊಡ್ಡ ಬ್ರೇಕ್ ಕಳಿಸು ಅಂತ” ಎಂದರು ಹಾಜಿಯವರು. “ಅವನು ನಿಜವಾಗಿ ದೊಡ್ಡದೇ ಕಳಿಸಿದ ಮಾರಾಯ್ರೆ.”

ಡಿಸ್ಕಿನ ಅಡ್ಡಳತೆ ಮುನ್ನೂರ ಐವತ್ತೈದು ಮಿಲ್ಲಿಮೀಟರ್, ಅಂದರೆ ಹದಿನಾಲ್ಕು ಇಂಚು. ಕಾರಿನ ಹಳೆಯ ಚಕ್ರದ ಅಳತೆಯೇ ಹದಿನಾಲ್ಕು ಇಂಚು! ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಕ್ಯಾಲಿಪರ್ ಅದಕ್ಕಿಂತಲೂ ಇಪ್ಪತ್ತು ಮಿಲ್ಲಿ ಹೊರಗೆ ಚಾಚಿಕೊಂಡಿತ್ತು. ಹಾಜಿಯವರು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದರು. ಮಾಸ್ಟರ್ ಸಿಲಿಂಡರ್ ಬದಲಿಸಿ, ಹೊಸ ಪೈಪ್ ಎಳೆದು, ಹಿಂದಿನ ಡ್ರಮ್ಮಿಗೆ ಹೊಸ ಲೈನಿಂಗ್ ಹಾಕಿದ್ದರು. ಚಕ್ರದ ವಿಷಯ ಮಾತ್ರ ಕೊನೆಗೆ ನೋಡುವ ಎಂದು ಬಿಟ್ಟಿದ್ದರು. ಹೆಚ್ಚಿನವರು ಮಾಡುವುದೂ ಹಾಗೆಯೇ.

ಅವರ ಮನಸ್ಸಿನಲ್ಲಿ ಒಂದು ಅಳತೆ ಮೊದಲೇ ಕೂತಿತ್ತು. ತಮ್ಮ ಕಳಿಸಿದ ಫೋಟೊ ತೋರಿಸಿದರು. ಇದೇ ಜಾತಿಯ ಕಾರು, ಇಪ್ಪತ್ತು ಇಂಚಿನ ಚಕ್ರ, ಅದರ ಸುತ್ತ ರಿಬ್ಬನ್ ಕಟ್ಟಿದಷ್ಟು ತೆಳ್ಳಗಿನ ಟಯರ್.

ನಾನು ಅವರನ್ನು ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಬಾಗಿದ, ಬಿರುಕು ಬಿಟ್ಟ ಅಲಾಯ್ ಚಕ್ರಗಳ ಒಂದು ರಾಶಿ ಇದೆ. ಹೆಚ್ಚಿನವೂ ದೊಡ್ಡ ಅಳತೆಯವು. ಚಕ್ರ ದೊಡ್ಡದಾಗಿ ಒಟ್ಟು ಎತ್ತರ ಅಷ್ಟೇ ಇರಬೇಕಾದರೆ ಟಯರಿನ ಗೋಡೆ ಗಿಡ್ಡವಾಗಲೇಬೇಕು. ಇಪ್ಪತ್ತು ಇಂಚಿಗೆ ಹೋದರೆ ಹೊಂಡದ ಅಂಚಿಗೂ ಚಕ್ರಕ್ಕೂ ನಡುವೆ ಏಳೂವರೆ ಸೆಂಟಿಮೀಟರ್ ರಬ್ಬರ್ ಮಾತ್ರ. ಸಾಲದ್ದಕ್ಕೆ ತೂಕವೂ ಹೆಚ್ಚು.

“ದುಬೈಯ ರಸ್ತೆಗೆ ಅದು ಸರಿ” ಎಂದೆ. “ನಮ್ಮ ರಸ್ತೆಗೆ ಬ್ರೇಕ್ ಒಳಗೆ ಹಿಡಿಸುವಷ್ಟು ದೊಡ್ಡದು ಸಾಕು, ಅದಕ್ಕಿಂತ ಒಂದು ಇಂಚೂ ಬೇಡ.”

ಹಾಜಿಯವರು ರಾಶಿಯಿಂದ ಒಂದು ಚಕ್ರ ಎತ್ತಿ, ಅದರ ಬಾಗಿದ ಅಂಚಿನ ಮೇಲೆ ಬೆರಳು ಆಡಿಸಿ, ಮತ್ತೆ ಅಲ್ಲೇ ಇಟ್ಟರು. “ಹಾಗಾದರೆ ಎಷ್ಟು?”

“ಹದಿನೇಳು ಸಾಕಾಗಬಹುದು” ಎಂದೆ.

ಲೆಕ್ಕದಲ್ಲಿ ಸಾಕಾಗುತ್ತಿತ್ತು. ಹದಿನೇಳು ಇಂಚಿನ ಚಕ್ರದ ಒಳಗೋಡೆ ನಡುವಿನಿಂದ ಸುಮಾರು ಇನ್ನೂರು ಮಿಲ್ಲಿ ದೂರದಲ್ಲಿರುತ್ತದೆ, ಕ್ಯಾಲಿಪರಿನ ತುದಿ ನೂರ ತೊಂಬತ್ತೆಂಟರಲ್ಲಿ. ಆದರೆ ಎರಡು ಮಿಲ್ಲಿಯ ವಿಷಯದಲ್ಲಿ ಕಾಗದವನ್ನು ನಂಬಬಾರದು. ಈ ಕಾರಿನಲ್ಲಿ ಚಕ್ರ ಬಿಗಿಯುವ ಐದು ಸ್ಟಡ್ಡುಗಳ ಅಂತರ ನಮ್ಮಲ್ಲಿ ಓಡುವ ಒಂದೆರಡು ದೊಡ್ಡ ಕಾರುಗಳ ಅಂತರಕ್ಕೆ ಸರಿಹೊಂದುತ್ತಿತ್ತು. ಪರಿಚಯದವರೊಬ್ಬರಿಂದ ಅಂಥ ಒಂದು ಹದಿನೇಳರ ಚಕ್ರವನ್ನು ಅರ್ಧ ದಿನಕ್ಕೆ ಕೇಳಿ ತಂದೆ.

ಮೊದಲ ಸಲ ಅದು ಕೂರಲೇ ಇಲ್ಲ. ಕಾರಣ ಆಫ್‌ಸೆಟ್. ಚಕ್ರದ ಅಗಲದ ಸರೀ ನಡುವಿಗೆ ಒಂದು ಗೆರೆ ಎಳೆದರೆ, ಚಕ್ರವನ್ನು ಹೊರುವ ಹಬ್ಬಿಗೆ ತಾಗಿ ಕೂರುವ ಮುಖ ಆ ಗೆರೆಯಿಂದ ಎಷ್ಟು ಹೊರಗಿದೆ ಎನ್ನುವುದೇ ಆಫ್‌ಸೆಟ್. ಅದು ಹೆಚ್ಚಾದಷ್ಟು ಚಕ್ರ ಕಾರಿನ ಒಳಕ್ಕೆ ಹೋಗುತ್ತದೆ, ಕಡಿಮೆಯಾದಷ್ಟು ಹೊರಕ್ಕೆ ಬರುತ್ತದೆ. ಈಗಿನ ಕಾರುಗಳ ಚಕ್ರಕ್ಕೆ ಆಫ್‌ಸೆಟ್ ನಲವತ್ತು, ನಲವತ್ತೈದು. ಹಳೆಯ ಅಮೆರಿಕದ ಕಾರಿಗೆ ಸೊನ್ನೆಯ ಆಸುಪಾಸು. ಹಾಗಾಗಿ ಚಕ್ರದ ಕಡ್ಡಿಗಳು ಕ್ಯಾಲಿಪರಿನ ಮುಖಕ್ಕೇ ಬಡಿದವು. ಪರೀಕ್ಷೆಗೆ ಮಾತ್ರ ಎಂದು ಮೂವತ್ತು ಮಿಲ್ಲಿಯ ಸ್ಪೇಸರ್, ಅಂದರೆ ನಡುವೆ ಕೊಡುವ ಬಿಲ್ಲೆ, ಇಟ್ಟು ಮತ್ತೆ ಕೂರಿಸಿದೆವು. ಈಗ ಕೂತಿತು.

ಒಳಗೆ ಎಷ್ಟು ಸಂದು ಉಳಿದಿದೆ ಎಂದು ನೋಡಬೇಕಲ್ಲ. ಅಣ್ಣ ಪಕ್ಕದ ಹೋಟೆಲಿಗೆ ಹೋಗಿ ಪರೋಟದ ಹಿಟ್ಟಿನ ಒಂದು ಉಂಡೆ ಕೇಳಿಕೊಂಡು ಬಂದರು. ಕ್ಯಾಲಿಪರಿನ ಬೆನ್ನಿಗೆ ಹಿಟ್ಟು ಮೆತ್ತಿ, ಚಕ್ರ ಕೂರಿಸಿ, ನಟ್ ಬಿಗಿದು, ಕೈಯಲ್ಲಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿದೆವು. ಬಿಚ್ಚಿ ನೋಡಿದರೆ ಹಿಟ್ಟು ನುಣುಪಾಗಿ ಚಪ್ಪಟೆಯಾಗಿತ್ತು. ಬ್ಲೇಡಿನಿಂದ ಕತ್ತರಿಸಿ ವರ್ನಿಯರಿನಲ್ಲಿ ಹಿಡಿದೆ. ಒಂದೂವರೆ ಮಿಲ್ಲಿ. ಒಂದು ಮೂಲೆಯಲ್ಲಿ, ಕ್ಯಾಲಿಪರಿನ ಉಬ್ಬಿದ ಏಣು ಇರುವಲ್ಲಿ, ಒಂದು ಮಿಲ್ಲಿಯೂ ಇರಲಿಲ್ಲ.

“ತಾಗುದಿಲ್ಲ ಅಲ್ವಾ?” ಹಾಜಿಯವರ ಮುಖ ಅರಳಿತು.

“ಈಗ ತಾಗುದಿಲ್ಲ. ಬ್ಯಾಲೆನ್ಸ್ ಮಾಡುವಾಗ ಒಳಗೆ ಅಂಟಿಸುವ ಸೀಸವೇ ನಾಲ್ಕು ಮಿಲ್ಲಿ ದಪ್ಪ ಉಂಟು ಹಾಜಿಯವರೆ. ಒಂದು ಜಲ್ಲಿ ಕಲ್ಲು ಒಳಗೆ ಸಿಕ್ಕಿದರೆ ಎಂತ ಆಗ್ತದೆ?”

“ಹಾಗಾದರೆ ಈ ಏಣನ್ನು ಸ್ವಲ್ಪ ಗ್ರೈಂಡ್ ಮಾಡುವ. ಮೂರು ಮಿಲ್ಲಿ. ಅದರ ಒಳಗೆ ಎಂತದೂ ಇಲ್ಲ, ಬರೀ ಅಲ್ಯುಮಿನಿಯಂ. ಗಲ್ಫಲ್ಲಿ ಎಷ್ಟೋ ಜನ ಮಾಡುದು ನಾನು ನೋಡಿದ್ದೇನೆ. ಸ್ಪೇಸರ್ ಹೇಗೂ ಇಟ್ಟಾಯ್ತು.”

ಅಣ್ಣ ನನ್ನ ಮುಖ ನೋಡಿದರು. ಗ್ರೈಂಡರ್ ಗೋಡೆಯಲ್ಲೇ ನೇತಾಡುತ್ತಿತ್ತು. ಹತ್ತು ನಿಮಿಷದ ಕೆಲಸ. ಅದನ್ನು ಮಾಡಿದ್ದರೆ ಮರುದಿನ ಸಂಜೆಗೆ ಕಾರು ರಸ್ತೆಯಲ್ಲಿರುತ್ತಿತ್ತು, ನನ್ನ ಒಂದು ಬದಿಯ ಜಾಗವೂ ಖಾಲಿಯಾಗುತ್ತಿತ್ತು. ಆದರೆ ಆರು ಪಿಸ್ಟನ್ನುಗಳು ಡಿಸ್ಕನ್ನು ಒತ್ತುವಾಗ ಕ್ಯಾಲಿಪರ್ ಬಾಗದಂತೆ ತಡೆಯುವುದು ಆ ಏಣೇ ಇರಬಹುದು. ಇಲ್ಲದೆಯೂ ಇರಬಹುದು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೇ ನನಗೆ ಸಾಕಾಯಿತು.

“ಘಾಟಿಯಲ್ಲಿ ಬ್ರೇಕ್ ಹೋಯ್ತು ಅಂತ ದೊಡ್ಡ ಬ್ರೇಕ್ ತರಿಸಿದ್ದು ನೀವು. ಈಗ ಚಕ್ರಕ್ಕೋಸ್ಕರ ಅದೇ ಬ್ರೇಕನ್ನು ಉಜ್ಜುದಾ? ನಾನು ಉಜ್ಜುದಿಲ್ಲ. ಮೂವತ್ತು ಮಿಲ್ಲಿ ಸ್ಪೇಸರ್ ಹಾಕಿ ರಸ್ತೆಗೆ ಬಿಡುದೂ ಇಲ್ಲ. ಹದಿನೆಂಟು ಇಂಚು, ಈ ಕಾರಿನ ಆಫ್‌ಸೆಟ್ಟಿಗೇ ಮಾಡಿಸಿದ್ದು ಹಾಕುವ. ತಿಂಗಳು ಹಿಡೀಬಹುದು.”

“ಹದಿನೇಳು ಸಾಕು ಹೇಳಿದ್ದು ನೀವೇ ಅಲ್ವಾ ಅಕ್ಕ?”

“ಹೌದು. ನಾನು ಹೇಳಿದ್ದು ತಪ್ಪು.”

ಅವರು ಕಾರಿಗೆ ತಾವೇ ಹೊದಿಕೆ ಎಳೆದು, ರಿಕ್ಷಾ ಹಿಡಿದು ಹೋದರು. ಮೂರು ದಿನ ಫೋನೂ ಇಲ್ಲ. ಆ ಮೂರು ದಿನಗಳಲ್ಲಿ ಒಂದು ಕೆಲಸವಾದರೂ ಆಗಲಿ ಎಂದು ಎರಡೂ ಬ್ರೇಕ್ ಡಿಸ್ಕುಗಳನ್ನು ಬಿಚ್ಚಿ ಸುಳ್ಯದಲ್ಲಿ ನನಗೆ ಗೊತ್ತಿರುವ ಲೇತ್‌ನವರಿಗೆ ಬಸ್ಸಿನಲ್ಲಿ ಕಳಿಸಿದೆ. ಒಂದು ಡಿಸ್ಕ್ ತಿರುಗುವಾಗ ಸ್ವಲ್ಪ ಅಲೆದಂತೆ ಕಂಡಿತ್ತು. ನೋಡಿ ಹೇಳಿ ಎಂದೆ.

ನಾಲ್ಕನೆಯ ದಿನ ಬಂದದ್ದು ಹಾಜಿಯವರಲ್ಲ, ಅವರ ಹೆಂಡತಿ. ಒಬ್ಬರೇ ರಿಕ್ಷಾದಲ್ಲಿ ಬಂದರು. ನಾನು ಕುರ್ಚಿ ಕೊಟ್ಟರೂ ಕೂರದೆ, ಹೊದಿಕೆ ಹಾಕಿದ ಕಾರಿನ ಬಳಿ ಹೋಗಿ ನಿಂತರು.

“ಇವರು ಬ್ರೇಕ್ ಉಜ್ಜಲಿಕ್ಕೆ ಹೊರಟದ್ದು ಹೌದಾ?”

“ಹೌದು.”

“ನೀವು ಆಗುದಿಲ್ಲ ಹೇಳಿದ್ದು?”

“ಹೌದು.”

ಅವರು ಹೊದಿಕೆಯ ಮೇಲೆ ಕೈ ಇಟ್ಟರು. “ಆ ದಿನ ನಾನು ಇದರಲ್ಲಿ ಇದ್ದೆ. ಇವರು ಅದನ್ನು ನಿಮಗೆ ಹೇಳಿರ್ಲಿಕ್ಕಿಲ್ಲ.”

ಹೇಳಿರಲಿಲ್ಲ.

“ಇದಕ್ಕೆ ಸ್ಟಿಯರಿಂಗ್ ಎಡಗಡೆ. ನಾನು ಕೂರುದು ಬಲಗಡೆ, ಬೇರೆ ಕಾರಿನಲ್ಲಿ ಡ್ರೈವರ್ ಕೂರುವ ಜಾಗದಲ್ಲಿ. ನನ್ನ ಎದುರು ಸ್ಟಿಯರಿಂಗ್ ಇಲ್ಲ, ಕಾಲಡಿ ಬ್ರೇಕ್ ಇಲ್ಲ. ಎದುರಿನಿಂದ ಬರುವ ಲಾರಿ ಮಾತ್ರ ಸರಿಯಾಗಿ ಕಾಣ್ತದೆ. ಇವರು ಬ್ರೇಕ್ ಒತ್ತುದು, ಗಾಡಿ ನಿಲ್ಲುದಿಲ್ಲ. ಇವರ ಮುಖ ನೋಡಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮುಖ ನಾನು ನೋಡಿರ್ಲಿಲ್ಲ.” ಹೊದಿಕೆಯ ಒಂದು ತುದಿ ಸರಿದಿತ್ತು, ಅದನ್ನು ಎಳೆದು ಸರಿಮಾಡಿದರು. “ಆಮೇಲೆ ನಾನು ಇದಕ್ಕೆ ಹತ್ತಲಿಲ್ಲ. ಹತ್ತು ಅಂತ ಇವರೂ ಹೇಳಲಿಲ್ಲ. ಹೊಸ ಬ್ರೇಕ್ ಹಾಕಿದ್ರೆ ನಿಲ್ತದಾ?”

ನಿಲ್ಲುತ್ತದೆ ಎಂದುಬಿಡುವುದು ಸುಲಭವಿತ್ತು. “ಸರಿಯಾದ ಚಕ್ರ ಹಾಕಿ, ಘಾಟಿಯಲ್ಲಿ ಇಳಿಸಿ ನೋಡಿದ ಮೇಲೆ ಹೇಳ್ತೇನೆ” ಎಂದೆ.

“ಹಾಗಾದರೆ ನೀವು ಬಿಡ್ಬೇಡಿ” ಎಂದು ಹೇಳಿ ಹೊರಟರು.

ಮನೆಯಲ್ಲಿ ಏನು ಮಾತಾಯಿತೋ ನನಗೆ ತಿಳಿಯದು. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗಲೇ ಹಾಜಿಯವರು ಜೀಪಿನಲ್ಲಿ ಕಾದಿದ್ದರು. “ಹದಿನೆಂಟು ಮಾಡಿಸುವ ಅಕ್ಕ” ಎಂದರು. ಅಷ್ಟೇ.

ಎದುರಿಗೆ ಸಾಮಾನ್ಯ ಟಯರ್, ಹಿಂದೆ ಮಾತ್ರ ತುಂಬ ಅಗಲದ್ದು ಹಾಕಬೇಕೆಂದು ಅವರಿಗೆ ಇನ್ನೂ ಆಸೆಯಿತ್ತು. ಮಸಲ್ ಕಾರಿಗೆ ಅದೇ ಚಂದ ಎನ್ನುವುದು ನನಗೂ ಗೊತ್ತು. ನಾನು ಡಿಕ್ಕಿ ತೆರೆದು ಸ್ಟೆಪ್ನಿ ತೋರಿಸಿದೆ. ಅದು ಹಳೆಯ ಹದಿನಾಲ್ಕು ಇಂಚಿನದೇ. ಎದುರಿನ ಬ್ರೇಕಿನ ಮೇಲೆ ಅದು ಕೂರುವುದಿಲ್ಲ. ಹದಿನೆಂಟರ ಐದನೆಯ ಚಕ್ರ ಮಾಡಿಸೋಣವೆಂದರೆ ಆ ಡಿಕ್ಕಿಯ ಗುಳಿಯಲ್ಲಿ ಅದಕ್ಕೆ ಜಾಗವಿಲ್ಲ. ನಾಲ್ಕೂ ಒಂದೇ ಅಳತೆಯಿದ್ದರೆ, ಎದುರಿನದು ಪಂಕ್ಚರ್ ಆದಾಗ ಹಿಂದಿನದನ್ನು ಎದುರಿಗೆ ತಂದು, ಹಿಂದಿನ ಡ್ರಮ್ಮಿಗೆ ಸ್ಟೆಪ್ನಿ ಹಾಕಿ ನಿಧಾನಕ್ಕೆ ಮನೆಗೆ ಬರಬಹುದು. ಗ್ಯಾರೇಜಿನ ಮನುಷ್ಯನಾದ್ದರಿಂದ ಅವರು ಅದಕ್ಕೆ ಎದುರಾಡಲಿಲ್ಲ.

ಆಮೇಲೆ ಅಳತೆ. ಅಣ್ಣ ಪ್ಲೈವುಡ್ಡಿನಲ್ಲಿ ಒಂದು ಗುಂಡು ಹಲಗೆ ಕತ್ತರಿಸಿ, ಐದು ತೂತು ಕೊರೆದು, ಅಂಚಿಗೆ ಹದಿನೆಂಟು ಇಂಚಿನ ಚಕ್ರದ ಒಳಗೋಡೆಯ ಆಕಾರದಲ್ಲಿ ಒಂದು ಪಟ್ಟಿ ಬಡಿದರು. ಅದನ್ನು ಹಬ್ಬಿಗೆ ಬಿಗಿದು, ಜಾಕಿಯಿಂದ ಸಸ್ಪೆನ್ಷನ್ ಏರಿಸಿ ಇಳಿಸಿ, ಸ್ಟಿಯರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ, ಎಲ್ಲೆಲ್ಲಿ ಎಷ್ಟು ಜಾಗವಿದೆ ಎಂದು ಒಂದೊಂದಾಗಿ ಬರೆದುಕೊಂಡೆ. ಎಂಟು ಇಂಚು ಅಗಲ, ಆಫ್‌ಸೆಟ್ ಹತ್ತು ಎಂದು ತೀರ್ಮಾನವಾಯಿತು. ಕೊಯಮತ್ತೂರು ಕಡೆಯ ತಯಾರಕರೊಬ್ಬರು ಬೇಕಾದ ಆಫ್‌ಸೆಟ್ಟಿಗೆ ಕಡೆದು ಕೊಡುತ್ತಾರೆ. ಅವರ ಚಕ್ರದ ನಡುವಿನ ತೂತು ಮಾತ್ರ ಒಂದೇ ಅಳತೆ, ನಮ್ಮ ಹಬ್ಬಿಗಿಂತ ತುಸು ದೊಡ್ಡದು. ಆ ಸಂದು ತುಂಬಲು ತೆಳ್ಳಗಿನ ಅಲ್ಯುಮಿನಿಯಂ ಬಳೆ ಬೇಕು. ಇಲ್ಲದಿದ್ದರೆ ಚಕ್ರ ಸರೀ ನಡುವಿಗೆ ಕೂರದೆ ವೇಗದಲ್ಲಿ ಅದುರುತ್ತದೆ. ನಕ್ಷೆಯನ್ನು ತಯಾರಕರಿಗೆ ಕಳಿಸಿ, ಬಳೆಯ ಚಿತ್ರವನ್ನು ಸುಳ್ಯದ ಲೇತ್‌ನವರ ಫೋನಿಗೆ ಹಾಕಿದೆ.

ಎರಡು ದಿನ ಬಿಟ್ಟು ಮಧ್ಯಾಹ್ನ ಅವರ ಫೋನ್ ಬಂತು. ಕಡಿಮೆ ಮಾತಿನ ಮನುಷ್ಯ. ಫೋನ್ ಬಂದರೆ ಏನೋ ಇದೆ ಎಂದೇ ಅರ್ಥ.

“ಡಿಸ್ಕ್ ಎರಡೂ ಸರಿ ಉಂಟು. ಒಂದರ ಒಳಮುಖಕ್ಕೆ ಸ್ವಲ್ಪ ಪೇಂಟ್ ಅಂಟಿತ್ತು, ಅದಕ್ಕೇ ಅಲೆದದ್ದು. ತೆಗೆದೆ” ಎಂದರು. “ನಿಮ್ಮ ಬಳೆಯದ್ದೇ ನನಗೆ ಗೊತ್ತಾಗುದಿಲ್ಲ.”

“ಎಂತ ಗೊತ್ತಾಗುದಿಲ್ಲ?”

“ಬಳೆಯ ಅಗಲ ಹತ್ತು ಮಿಲ್ಲಿ ಹಾಕಿದ್ದೀರಿ. ಹಬ್ಬಿನ ಮೂತಿ ಹೊರಗೆ ಇರುದು ಹನ್ನೆರಡು ಮಿಲ್ಲಿ ಅಂತ ಬರೆದಿದ್ದೀರಿ. ಡಿಸ್ಕ್ ಹಾಕಿದ ಮೇಲೆ ನಾಲ್ಕೇ ಮಿಲ್ಲಿ ಉಳಿಯುದಲ್ವಾ? ಬಳೆ ಎಲ್ಲಿ ಕೂರುದು?”

ಅವರು ಹೇಳಿದ್ದು ಸರಿ. ಬ್ರೇಕ್ ಡಿಸ್ಕಿನ ನಡುವೆ ಟೊಪ್ಪಿಯಂಥ ಭಾಗವೊಂದಿರುತ್ತದೆ. ಅದು ಹಬ್ಬಿನ ಮೇಲೆ ಕೂತು, ಅದರ ಮೇಲೆ ಚಕ್ರ ಕೂರುವುದು. ಆ ಟೊಪ್ಪಿಯ ದಪ್ಪ ಎಂಟು ಮಿಲ್ಲಿ. ನಾನು ಅಳೆಯುವಾಗ ಡಿಸ್ಕುಗಳು ಸುಳ್ಯದಲ್ಲಿದ್ದವು. ಬರೀ ಹಬ್ಬಿಗೆ ಹಲಗೆ ಬಿಗಿದು ಅಳೆದಿದ್ದೆ. ಅಂದರೆ ಬಳೆ ಮಾತ್ರವಲ್ಲ, ಇಡೀ ಚಕ್ರದ ಲೆಕ್ಕವೇ ಎಂಟು ಮಿಲ್ಲಿ ತಪ್ಪು. ಹಾಗೆಯೇ ಮಾಡಿಸಿದರೆ ಎದುರಿನ ಟಯರ್ ಎಂಟು ಮಿಲ್ಲಿ ಹೊರಗೆ ಬಂದು ಮಡ್‌ಗಾರ್ಡನ್ನು ಕೆರೆಯುತ್ತಿತ್ತು.

ಫೋನ್ ಇಟ್ಟವಳೇ ತಯಾರಕರಿಗೆ ಮಾಡಿದೆ. ಮೂರು ಸಲ ರಿಂಗ್ ಆಗಿ ನಿಂತಿತು. ನಾಲ್ಕನೆಯ ಸಲ ಎತ್ತಿದವರು, “ಮೇಡಂ, ನಿಮ್ಮದು ನಾಳೆ ಬೆಳಿಗ್ಗೆ ಮೆಷಿನ್‌ಗೆ” ಎಂದರು. ನಿಲ್ಲಿಸಿ ಎಂದೆ.

ಹಾಜಿಯವರಿಗೆ ಹೇಳದಿದ್ದರೂ ನಡೆಯುತ್ತಿತ್ತು. ಆದರೆ ಬ್ರೇಕ್ ಉಜ್ಜಬೇಡಿ ಎಂದು ಅವರಿಗೆ ಅಷ್ಟು ಗಟ್ಟಿಯಾಗಿ ಹೇಳಿದವಳು ನಾನು. ಸಂಜೆ ಬಂದಾಗ ಎಲ್ಲವನ್ನೂ ಹೇಳಿದೆ. ಅವರು ಹಬ್ಬಿನ ಎದುರು ಕುಕ್ಕರಗಾಲಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದರು.

“ನಾನೂ ಇಲ್ಲೇ ನಿಂತಿದ್ದೆ ಅಲ್ವಾ ನೀವು ಅಳೆಯುವಾಗ” ಎಂದರು. “ನನಗೂ ಕಾಣಲಿಲ್ಲ. ಇಪ್ಪತ್ತೇಳು ವರ್ಷದ ಸರ್ವಿಸ್, ಎಂತ ಪ್ರಯೋಜನ ಮಾರಾಯ್ರೆ.” ಮತ್ತೆ ನಕ್ಕರು. “ಡಿಸ್ಕ್ ಬರ್ಲಿ. ಪುನಃ ಅಳೆಯುವ. ಈ ಸಲ ಟಾರ್ಚ್ ನಾನು ಹಿಡೀತೇನೆ.”

ಎರಡನೆಯ ಸಲ ಅಳೆಯಲು ಇಡೀ ಒಂದು ದಿನ ತೆಗೆದುಕೊಂಡೆವು. ನಾನು ಅಳೆದು ಹೇಳಿದ್ದನ್ನು ಅಣ್ಣ ಇನ್ನೊಮ್ಮೆ ಅಳೆದರು. ಎರಡೂ ಸರಿಹೊಂದಿದ ಮೇಲೆಯೇ ಹಾಜಿಯವರು ಬರೆದುಕೊಂಡರು. ಆಫ್‌ಸೆಟ್ ಹದಿನೆಂಟು, ಬಳೆಯ ಅಗಲ ಮೂರೂವರೆ ಮಿಲ್ಲಿ. ಆ ದಿನ ನಮ್ಮ ಮೂವರಲ್ಲಿ ಗಿರಾಕಿ ಯಾರು, ಕೆಲಸದವರು ಯಾರು ಎಂದು ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ. ಮಧ್ಯಾಹ್ನಕ್ಕೆ ಹಾಜಿಯವರ ಮನೆಯಿಂದ ಅಕ್ಕಿಯ ಪತ್ತಿರಿ ರೊಟ್ಟಿ, ಕೋಳಿ ಸಾರು ಬಂತು. ಕಳಿಸಿದವರು ಯಾರೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಚಕ್ರಗಳು ಬಂದದ್ದು ಐದು ವಾರಕ್ಕೆ. ಬೂದು ಬಣ್ಣ, ಐದು ಕಡ್ಡಿ. ಅಣ್ಣ ಮತ್ತೆ ಪರೋಟದ ಹಿಟ್ಟು ತಂದರು. ಈ ಸಲ ಹೋಟೆಲಿನವರು, “ನಿಮ್ಮ ಕಾರು ಎಷ್ಟು ಪರೋಟ ತಿನ್ನುದು?” ಎಂದು ಕೇಳಿದರಂತೆ. ಮೆತ್ತಿ, ತಿರುಗಿಸಿ, ಬಿಚ್ಚಿದರೆ, ಒಳಗೋಡೆಯ ಬಳಿ ಹದಿಮೂರು ಮಿಲ್ಲಿ, ಕಡ್ಡಿಯ ಹಿಂದೆ ಆರು. ಬಳೆಗಳು ಬೆರಳಲ್ಲಿ ಒತ್ತಿದರೆ ಕೂರುವಷ್ಟು ಸರಿಯಾಗಿದ್ದವು. ಇನ್ನೂರ ಮೂವತ್ತೈದು ಮಿಲ್ಲಿ ಅಗಲದ ಟಯರ್ ಹಾಕಿ ಕಾರನ್ನು ನೆಲಕ್ಕೆ ಇಳಿಸಿದಾಗ ಮೂವರೂ ಹಿಂದೆ ಸರಿದು ನಿಂತು ನೋಡಿದೆವು. ಅದುವರೆಗೆ ಚಪ್ಪಲಿ ಹುಡುಕುತ್ತ ಕೂತಿದ್ದ ಕಾರು ಎದ್ದು ನಿಂತ ಹಾಗಿತ್ತು.

ಮೊದಲ ಓಟ ಕಾಣಿಯೂರಿನವರೆಗೆ. ಸವಣೂರು ದಾಟಿದ ಮೇಲೆ ಒಂದು ತಿರುವಿನಲ್ಲೇ ಹಂಪ್ಸ್ ಇತ್ತು. ಹತ್ತಿ ಇಳಿಯುವಾಗ ಎದುರಿನ ಬಲಗಡೆಯಿಂದ ಬಟ್ಟೆ ಹರಿದಂಥ ಸಣ್ಣ ಸದ್ದು ಬಂತು. ಇಳಿದು ನೋಡಿದರೆ ಟಯರಿನ ಭುಜದಲ್ಲಿ ಬೆರಳಗಲದ ಹೊಳಪು. ಮಡ್‌ಗಾರ್ಡಿನ ಒಳಕ್ಕೆ ಮಡಚಿದ ಅಂಚು ತಾಗಿತ್ತು.

“ಅಂಚನ್ನು ಸ್ವಲ್ಪ ಒಳಗೆ ಬಡಿದು ಮಡಚಿದ್ರೆ ಆಯ್ತು” ಎಂದರು ಅಣ್ಣ. ಇದು ಎಲ್ಲರೂ ಮಾಡುವ, ಯಾವ ಅಪಾಯವೂ ಇಲ್ಲದ ಕೆಲಸ.

ಬ್ರೇಕನ್ನು ಗ್ರೈಂಡರಿಗೆ ಕೊಡಲು ಸಿದ್ಧರಿದ್ದ ಹಾಜಿಯವರು ಮಡ್‌ಗಾರ್ಡಿಗೆ ಅಡ್ಡ ನಿಂತರು. “ಇಲ್ಲ ಇಲ್ಲ. ಈ ಪೇಂಟಿಗೆ ನಾನು ಏಳು ತಿಂಗಳು ಉಜ್ಜಿದ್ದೇನೆ. ಸುತ್ತಿಗೆ ಇದರ ಹತ್ತಿರ ಬರ್ಲಿಕ್ಕಿಲ್ಲ.”

ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ಅರ್ಥವಾಗಿ, ಮುಖ ಬೇರೆ ಕಡೆ ತಿರುಗಿಸಿ ನಕ್ಕರು.

ಹಾಗಾದರೆ ಟಯರನ್ನೇ ಇಳಿಸಬೇಕು. ಇನ್ನೂರ ಮೂವತ್ತೈದರ ಬದಲು ಇನ್ನೂರ ಇಪ್ಪತ್ತೈದು. ಅಂಗಡಿಗೆ ವಾಪಸು ಬಂದು ಲೆಕ್ಕ ಹಾಕಿದಾಗ, ಅದರ ಒಟ್ಟು ಎತ್ತರ ಆರುನೂರ ಅರವತ್ತು ಮಿಲ್ಲಿ. ಹಳೆಯ ಹದಿನಾಲ್ಕು ಇಂಚಿನ ಚಕ್ರದ ಮೇಲಿದ್ದ ಟಯರಿನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಸ್ಪೀಡೊಮೀಟರ್ ಸುಳ್ಳು ಹೇಳುವುದಿಲ್ಲ, ಸ್ಟೆಪ್ನಿಯೂ ಸರಿಹೊಂದುತ್ತದೆ. “ಸಪೂರ ಆಯ್ತು ಅಕ್ಕ, ಪೈಲ್ವಾನನಿಗೆ ಸಣ್ಣ ಹುಡುಗನ ಚಡ್ಡಿ ಹಾಕಿದ ಹಾಗೆ” ಎಂದು ಹಾಜಿಯವರು ಗೊಣಗಿದರು. ಆದರೆ ಅದೇ ತಿರುವು, ಅದೇ ಹಂಪ್ಸಿನ ಮೇಲೆ ಅವರೇ ನಾಲ್ಕು ಸಲ ಹತ್ತಿಸಿ ಇಳಿಸಿದರು. ಸದ್ದಿಲ್ಲ. ಮತ್ತೆ ಗೊಣಗಲಿಲ್ಲ.

ಘಾಟಿಗೆ ಹೊರಟದ್ದು ಒಂದು ಭಾನುವಾರ ಬೆಳಿಗ್ಗೆ. ಕಾರಿನಲ್ಲಿ ಹಾಜಿಯವರ ಜೊತೆ ಅಣ್ಣ. ಹಿಂದಿನಿಂದ ನನ್ನ ಸಣ್ಣ ಕಾರಿನಲ್ಲಿ ನಾನು. ಹೊರಡುವ ಹೊತ್ತಿಗೆ ಹಾಜಿಯವರ ಹೆಂಡತಿ ಬಂದು ನನ್ನ ಕಾರಿನ ಬಾಗಿಲು ತೆಗೆದು ಕೂತರು. “ನಾನು ಹಿಂದಿನಿಂದ ನೋಡುದು” ಎಂದರು.

ಸುಳ್ಯ ದಾಟಿ, ಸಂಪಾಜೆಯಿಂದ ಮೇಲೆ ಹತ್ತಿ, ಮದೆನಾಡಿನ ಬಳಿ ತಿರುಗಿಸಿದೆವು. ಅಲ್ಲಿ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಪರೀಕ್ಷಿಸಿದೆ, ಒಂದೂ ಕದಲಿರಲಿಲ್ಲ. ಇಳಿಯುವಾಗ ಬೇಕೆಂದೇ ಗೇರಿನ ಸಹಾಯ ಕಡಿಮೆ ಮಾಡಿ ಬ್ರೇಕನ್ನೇ ಹೆಚ್ಚು ಬಳಸಿ ಎಂದು ಹಾಜಿಯವರಿಗೆ ಹೇಳಿದ್ದೆ. ಪ್ರತಿ ತಿರುವಿಗೂ ಎದುರಿನ ಕಾರಿನ ಕೆಂಪು ದೀಪ ಹೊತ್ತುವುದು, ಮೂತಿ ತಗ್ಗುವುದು, ವೇಗ ಕುಗ್ಗುವುದು. ನನ್ನ ಪಕ್ಕದಲ್ಲಿದ್ದವರು ಮೊದಲ ನಾಲ್ಕೈದು ತಿರುವುಗಳಿಗೆ ದೀಪ ಹೊತ್ತಿದಾಗಲೆಲ್ಲ ತಮ್ಮ ಬಲಗಾಲನ್ನು ನೆಲಕ್ಕೆ ಒತ್ತುತ್ತಿದ್ದರು. ಅರ್ಧ ಘಾಟಿ ಇಳಿದ ಮೇಲೆ ಅದು ನಿಂತಿತು. ಅದನ್ನು ನಾನು ಗಮನಿಸಿದ್ದು ಅವರಿಗೆ ಗೊತ್ತಾಗಲಿಲ್ಲ.

ಸಂಪಾಜೆಯಲ್ಲಿ ಒಂದು ಹೋಟೆಲಿನ ಎದುರು ನಿಲ್ಲಿಸಿ, ಬಿಸಿ ಅಳೆಯುವ ಗನ್ನನ್ನು ಕಡ್ಡಿಗಳ ಸಂದಿನಿಂದ ಡಿಸ್ಕಿಗೆ ಹಿಡಿದೆ. ಎಡಗಡೆ ಇನ್ನೂರ ಹತ್ತು ಡಿಗ್ರಿ, ಬಲಗಡೆ ಇನ್ನೂರ ನಾಲ್ಕು. ಇಷ್ಟು ದೊಡ್ಡ ಬ್ರೇಕಿಗೆ ಅದು ಏನೂ ಅಲ್ಲ. ಚಕ್ರದ ಅಂಚನ್ನು ಕೈಯಿಂದ ಮುಟ್ಟಬಹುದಿತ್ತು.

“ಪೆಡಲ್ ಹೇಗುಂಟು?” ಎಂದೆ.

“ಮೇಲೆ ಎಲ್ಲಿತ್ತೋ ಕೆಳಗೂ ಅಲ್ಲೇ ಉಂಟು” ಎಂದರು ಹಾಜಿಯವರು. ಹೇಳಿದ್ದು ನನಗೆ, ನೋಡಿದ್ದು ಹೆಂಡತಿಯನ್ನು.

ಹೆಂಡತಿ ಆ ಕಾರಿನ ಬಲಗಡೆಗೆ ಹೋದರು. ಅಣ್ಣ ಆಗಷ್ಟೇ ಅಲ್ಲಿಂದ ಇಳಿದಿದ್ದರು. ಬಾಗಿಲು ಇನ್ನೂ ತೆರೆದಿತ್ತು. ಸೆರಗು ಎಳೆದುಕೊಂಡು ಒಳಗೆ ಕೂತು, ಗಂಡನಿಗೆ ಬ್ಯಾರಿ ಭಾಷೆಯಲ್ಲಿ ಏನೋ ಅಂದರು. ಹಾಜಿಯವರು ನನ್ನ ಕಡೆ ತಿರುಗಿ, ಸ್ವಲ್ಪ ನಾಚಿಕೆಯಿಂದ, “ಇನ್ನೊಮ್ಮೆ ಮೇಲೆ ಹೋಗಿ ಬರುವ ಅಂತೆ. ಈಗ ಬಂದೆವು ಅಕ್ಕ, ನೀವು ಚಾ ಕುಡೀತಾ ಇರಿ” ಎಂದರು.

ನಾನು ಮತ್ತು ಅಣ್ಣ ಹೋಟೆಲಿನ ಹೊರಗಿನ ಬೆಂಚಿನಲ್ಲಿ ಕೂತೆವು. ಬನ್ಸ್ ಬಂತು, ಚಾ ಬಂತು. ಎಂಟು ಸಿಲಿಂಡರಿನ ಸದ್ದು ಘಾಟಿ ಹತ್ತುತ್ತ ಒಂದೊಂದು ತಿರುವಿಗೂ ತಗ್ಗಿ ಏರಿ, ಕೊನೆಗೆ ಮರಗಳ ಹಿಂದೆ ಕಳೆದುಹೋಯಿತು. ಸುಮಾರು ಮುಕ್ಕಾಲು ಗಂಟೆಯ ಮೇಲೆ ಅದೇ ಸದ್ದು ಮೇಲಿನಿಂದ ಇಳಿಯತೊಡಗಿತು. ಅಣ್ಣ ಲೋಟ ಕೆಳಗಿಟ್ಟು ಕಿವಿಗೊಟ್ಟರು. ಕೆರೆತವಿಲ್ಲ, ಅದುರುವಿಕೆಯಿಲ್ಲ. ಕಾರು ಕಣ್ಣಿಗೆ ಬಿದ್ದಾಗ ನನ್ನ ಕಣ್ಣು ತಾನಾಗಿ ಎದುರಿನ ಚಕ್ರಕ್ಕೆ ಹೋಯಿತು. ನೇರವಾಗಿ, ಅಲುಗದೆ ತಿರುಗುತ್ತಿತ್ತು.

ನಾವು ಎದ್ದು ನಿಂತೆವು. ಹಾಜಿಯವರ ಹೆಂಡತಿ ಕಿಟಕಿಯ ಮೇಲೆ ಮೊಣಕೈ ಇಟ್ಟು, ಗಂಡನ ಕಡೆ ತಿರುಗಿ, ಏನೋ ಜೋರಾಗಿ ಹೇಳುತ್ತಿದ್ದರು. ಹಾಜಿಯವರು ನಗುತ್ತಿದ್ದರು. ಕಾರು ನಮ್ಮ ಎದುರೇ ಬಂದು, ನಮ್ಮನ್ನು ದಾಟಿ, ಕಲ್ಲುಗುಂಡಿಯ ಕಡೆಗೆ ಹೊರಟೇಹೋಯಿತು. ಇಬ್ಬರಲ್ಲಿ ಒಬ್ಬರಿಗೂ ನಮ್ಮ ನೆನಪಿರಲಿಲ್ಲ.

ಅಣ್ಣ ಎತ್ತಿದ್ದ ಕೈಯನ್ನು ಮೆಲ್ಲಗೆ ಇಳಿಸಿ, “ಎಂತ ಅಕ್ಕ, ಬ್ರೇಕ್ ಹಿಡಿಯುದಿಲ್ವಾ?” ಎಂದರು.